ಅರೆಗಣ್ಣಿನ ಉದ್ಯೋಗಪರ್ವ

ಬಾಲ್ಯದಲ್ಲಿ ನಮ್ಮೂರ ಗುಡಿಯ ಜಗುಲಿಯ ಮೇಲೆ ಭಾರತದ ವಾಚನ ನಡೆಯುತ್ತಿದ್ದಾಗ ಉದ್ಯೋಗಪರ್ವವೆಂಬ ಹೆಸರು ಕಿವಿಗೆ ಬಿದ್ದು, ಪಾಂಡವರು ವನವಾಸ ಅಜ್ಞಾತವಾಸಗಳನ್ನು ಮುಗಿಸಿಕೊಂಡು ಬಂದು ಎಲ್ಲಿಯೋ ಕೆಲಸಕ್ಕೆ ಸೇರಿದ ಕಥೆ ಅದಾಗಿರಬೇಕೆಂದು ನಾನು ಭಾವಿಸಿದ್ದೆನು. ಅಲ್ಲಿ ಉದ್ಯೋಗವೆಂದರೆ ಯುದ್ಧದ ಸನ್ನಾಹವೆಂಬ ಅರ್ಥವು ಆಮೇಲೆ ತಿಳಿಯಿತು. ಆದರೆ ಐವತ್ತು ದಾಟಿದ ಈ ವಯಸ್ಸಿನಲ್ಲಿ ಆ ಹುಡುಗನ ತಪ್ಪು ಪೂರಾ ತಪ್ಪಲ್ಲವೆಂದು ನನಗೆ ತೋರುತ್ತಿರುವುದು. ಆ ಪರ್ವದಲ್ಲಿ ನಿದ್ದೆ ಬಾರದೆ ವಿದುರನನ್ನು ಕರೆಯಿಸಿಕೊಂಡು ರಾತ್ರಿಯೆಲ್ಲ ನೀತಿ ಕೇಳುತ್ತ ಕುಳಿತ ಧೃತರಾಷ್ಟ್ರನ ಬಾಳೆಲ್ಲವೂ ಒಂದು ಉದ್ಯೋಗದ ಪ್ರಶ್ನೆಯೇ ಅಲ್ಲವೆ? ಅವನು ಹಿರಿಯ ಮಗ; ದೇಹಬಲವುಳ್ಳವನು; ಶಾಸ್ತ್ರಗಳನ್ನು ಕೇಳಿದವನು. ಕಣ್ಣಿಲ್ಲವೆಂಬ ಕಾರಣದಿಂದ ಪಟ್ಟವು ತಮ್ಮನ ಪಾಲಾಯಿತು. ತಮ್ಮನು ಕಾಡಿಗೆ ಹೋದ ಮೇಲೆ ಆ ಪೀಠವು ಇವನಿಗೇ ಬಂದಿತೆಂಬುದೂ, ಅದನ್ನು ಇವನು ನೆಟ್ಟಗೆ ನಡೆಸಲಿಲ್ಲವೆಂಬುದೂ ಬೇರೆಯ ಮಾತು. ಎರಡು ಕಣ್ಣೂ ಚೆನ್ನಾಗಿದ್ದ ಅರಸರು ರಾಜ್ಯವನ್ನು ಕೆಡಿಸಿದ ದೃಷ್ಟಾಂತಗಳು ಬೇಕಾದಷ್ಟಿವೆ; ಆಗ ಯಾರೂ ಕಣ್ಣನ್ನು ದೂರುವುದಿಲ್ಲ. ಕಣ್ಣು ಕಾಣದವರೆಂಬ ಕಾರಣದಿಂದ ಯಾರನ್ನೂ ನ್ಯಾಯಾಧೀಶರ ಹುದ್ದೆಗೆ ಅನರ್ಹರೆನ್ನಕೂಡದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು ೨೦೨೫ನೆಯ ಇಸವಿ ಮಾರ್ಚಿ ೩ನೆಯ ತಾರೀಖು. ಧೃತರಾಷ್ಟ್ರನ ಅರ್ಜಿ ಇತ್ಯರ್ಥವಾಗಲು ಅಷ್ಟು ಕಾಲ ಹಿಡಿಯಿತು.

ನಾನು ಧೃತರಾಷ್ಟ್ರನೂ ಅಲ್ಲ, ಸಂಜಯನೂ ಅಲ್ಲ, ನಡುವಿನವನು. ನನ್ನ ರೋಗಕ್ಕೆ ವೈದ್ಯರು ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಹೆಸರಿಟ್ಟಿದ್ದಾರೆ. ಕಣ್ಣಿನ ಹಿಂಬದಿಯ ಪರದೆಯಲ್ಲಿ ಮಂದವಾದ ಬೆಳಕನ್ನು ಹಿಡಿಯುವ ಕಣಗಳು ಮೊದಲು ಸಾಯುತ್ತವೆ, ಆದ್ದರಿಂದ ಇರುಳುಗುರುಡು. ಅನಂತರ ನೋಟದ ಸುತ್ತಳತೆಯು ವರ್ಷವರ್ಷಕ್ಕೂ ಕುಗ್ಗುತ್ತ, ಕೆರೆಯ ನೀರು ಬೇಸಗೆಯಲ್ಲಿ ಅಂಚಿನಿಂದ ಬತ್ತಿ ನಡುವೆ ಒಂದು ಗುಂಡಿಯಷ್ಟು ಉಳಿಯುವಂತೆ, ನಟ್ಟ ನಡುವೆ ಒಂದಿಷ್ಟು ಉಳಿಯುವುದು. ಆ ಉಳಿದಷ್ಟರಲ್ಲಿ ನಾನು ವೃತ್ತಪತ್ರಿಕೆಯ ಸಣ್ಣ ಅಕ್ಷರವನ್ನು ಓದಬಲ್ಲೆ. ಕಾಲ ಬುಡದಲ್ಲಿರುವ ನೀರಿನ ಬಕೆಟ್ಟು ಕಾಣದು. ಇದನ್ನು ಜನರಿಗೆ ನಂಬಿಸುವುದಕ್ಕಿಂತ ದೆವ್ವವನ್ನು ನಂಬಿಸುವುದು ಸುಲಭ. ‘ಪೇಪರು ಓದುತ್ತಾನೆ, ಬಾಗಿಲಿಗೆ ಹಾಯುತ್ತಾನೆ, ಇದೆಂಥ ನಾಟಕ’ ಎಂದು ನನ್ನ ಹತ್ತಿರದ ನೆಂಟರೇ ಆಡಿಕೊಂಡದ್ದುಂಟು. ಅವರನ್ನು ದೂರಲಾರೆ. ಪೂರ್ಣಾಂಧನಿಗೆ ಲೋಕದಲ್ಲಿ ಒಂದು ಸ್ಥಾನವಿದೆ. ಕಣ್ಣುಳ್ಳವನಿಗಂತೂ ಇದ್ದೇ ಇದೆ. ಅರೆಗಣ್ಣಿನವನು ಎರಡು ಮನೆಯ ನಂಟ; ಉಪವಾಸ ಬೀಳುವುದು ಸಹಜ. ಕಾನೂನು ಮಾತ್ರ ಈ ವಿಷಯದಲ್ಲಿ ಜನರಿಗಿಂತ ಬುದ್ಧಿಶಾಲಿಯಾಗಿದೆ. ೨೦೧೬ನೆಯ ಇಸವಿಯ ವಿಕಲಾಂಗರ ಹಕ್ಕುಗಳ ಅಧಿನಿಯಮದಂತೆ, ಅಕ್ಷರ ಎಷ್ಟು ಸಣ್ಣದು ಕಂಡರೂ, ನೋಟದ ವಿಸ್ತಾರವು ೧೦ ಅಂಶಗಳಿಗಿಂತ ಕಡಮೆಯಾದರೆ ಅದು ಅಂಧತ್ವವೇ. ೧೦ರಿಂದ ೪೦ರವರೆಗಾದರೆ ಮಂದದೃಷ್ಟಿ.

ಇರುಳುಗುರುಡು ನನಗೆ ಹುಡುಗತನದಿಂದಲೂ ಇದ್ದಿತು. ನಮ್ಮದು ಮಾಗಡಿ ಸೀಮೆಯ ಒಂದು ಹಳ್ಳಿ. ರಾತ್ರಿ ಹರಿಕಥೆಗೆ ಹೋಗಿ ಬರುವಾಗ ಅಕ್ಕನ ಸೆರಗನ್ನು ಹಿಡಿದು ನಡೆಯುತ್ತಿದ್ದೆನು. ಅಂಜುಬುರುಕನೆಂದು ಹುಡುಗರು ನಗುತ್ತಿದ್ದರು. ತಾಯಿಯವರು ಹೊನಗೊನ್ನೆ ಸೊಪ್ಪಿನ ಪಲ್ಯವನ್ನು ವಾರಕ್ಕೆ ಮೂರು ಸಲ ಮಾಡಿ ಬಡಿಸುವರು. ಅವರ ಎಣಿಕೆಯೂ ತಪ್ಪಾಗಿರಲಿಲ್ಲ; ‘ಎ’ ಜೀವಸತ್ತ್ವದ ಕೊರತೆಯಿಂದ ಬರುವ ಇರುಳುಗುರುಡು ಸೊಪ್ಪು ತರಕಾರಿಗಳಿಂದ ವಾಸಿಯಾಗುವುದುಂಟು. ನನ್ನದು ಆ ಜಾತಿಯದಲ್ಲ, ಅಷ್ಟೆ. ಬೆಳೆದು ದೊಡ್ಡವನಾದೆ, ಬೆಂಗಳೂರು ಸೇರಿದೆ, ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾದೆ, ಅಕ್ಕನ ಮಗಳನ್ನೇ ಮದುವೆಯಾದೆ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ವಾಡಿಕೆ. ನನ್ನ ತಂದೆ ತಾಯಿಯರೂ ರಕ್ತಸಂಬಂಧಿಗಳೇ. ವಿಜಯನಗರದಲ್ಲಿ ಒಂದು ಸಣ್ಣ ಮನೆಯಾಯಿತು. ಒಬ್ಬಳು ಮಗಳು ಹುಟ್ಟಿದಳು.

ಉಗ್ರಾಣವೆಂದರೆ ನೆಲದ ಮೇಲೆ ಪೆಟ್ಟಿಗೆ, ತಲೆಯ ಮೇಲೆ ಕಬ್ಬಿಣದ ಕಪಾಟು, ನಡುವೆ ಒಂದಾಳು ಹೋಗುವಷ್ಟು ದಾರಿ. ಇಪ್ಪತ್ತು ವರ್ಷ ನಾನು ಆ ದಾರಿಯಲ್ಲಿ ಕಣ್ಣಿನಿಂದಲ್ಲ, ಅಭ್ಯಾಸದಿಂದ ನಡೆದಿದ್ದೆನೆಂಬುದು ಪೆಟ್ಟಿಗೆಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ ದಿನ ಹೊರಬಿದ್ದಿತು. ಒಂದು ವಾರದಲ್ಲಿ ಮೂರು ಸಲ ಎಡವಿದೆನು. ಮೂರನೆಯ ಸಲ ಬೇರಿಂಗುಗಳ ತಟ್ಟೆಯೊಂದು ಉರುಳಿ, ಗುಂಡುಗಳೆಲ್ಲ ಮಳೆಯಂತೆ ನೆಲದ ಮೇಲೆ ಹರಡಿದವು. ಮೇಲಧಿಕಾರಿಗಳು ಹತ್ತಿರ ಬಂದು ನನ್ನ ಬಾಯಿಯ ವಾಸನೆಯನ್ನು ನೋಡಿದರು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ ನಾನು. ಆ ಅವಮಾನವನ್ನು ಇಂದಿಗೂ ಮರೆತಿಲ್ಲ. ಕಣ್ಣಿನ ಪರೀಕ್ಷೆಯಾಗಿ ವೈದ್ಯರ ಪತ್ರವನ್ನು ತಂದು ತೋರಿಸಿದ ಮೇಲೆ ಅವರ ಧ್ವನಿ ಮೃದುವಾಯಿತು. ಮೃದುವಾದ ಧ್ವನಿಯಲ್ಲಿಯೇ ರಾಜೀನಾಮೆಯ ಕಾಗದವನ್ನು ಮುಂದಿಟ್ಟರು. ‘ಮನೆಯಲ್ಲಿ ಆರಾಮವಾಗಿರಿ, ಮಿಷನ್ನುಗಳ ನಡುವೆ ಏನಾದರೂ ಆದರೆ ಯಾರಿಗೆ ಒಳ್ಳೆಯದು?’ ಎಂದರು. ಸಹಿ ಮಾಡುವ ಜಾಗ ಕಾಣುತ್ತಿದೆಯೆ ಎಂದು ಬೇರೆ ವಿಚಾರಿಸಿದರು. ಅದು ಮಾತ್ರ ಬಹಳ ಚೆನ್ನಾಗಿ ಕಾಣುತ್ತಿತ್ತು.

ಇದು ನಡೆದುದು ೨೦೧೯ರಲ್ಲಿ. ಸೇವೆಯಲ್ಲಿರುವಾಗ ಅಂಗವೈಕಲ್ಯವುಂಟಾದ ನೌಕರನನ್ನು ತೆಗೆದುಹಾಕಕೂಡದು, ದರ್ಜೆಯನ್ನು ಇಳಿಸಕೂಡದು. ಆ ಕೆಲಸ ಅವನಿಗೆ ಒಗ್ಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಕೆಲಸಕ್ಕೆ ಹಾಕಬೇಕು ಎಂಬ ನಿಯಮವು ೧೯೯೫ರ ಅಧಿನಿಯಮದ ೪೭ನೆಯ ಪ್ರಕರಣದಲ್ಲಿ ಇದ್ದಿತು. ೨೦೧೬ರ ಅಧಿನಿಯಮದ ೨೦ನೆಯ ಪ್ರಕರಣದಲ್ಲಿ ಈಗಲೂ ಇರುವುದು. ಇದನ್ನು ನಾನು ತಿಳಿದುದು ಎರಡು ವರ್ಷಗಳ ಮೇಲೆ. ತಿಳಿದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ, ಆ ರಕ್ಷಣೆ ಇರುವುದು ಸರ್ಕಾರದ ಸಂಸ್ಥೆಗಳ ನೌಕರರಿಗೆ. ಒಂದೇ ರೋಗ, ಒಂದೇ ನಗರ. ಸರ್ಕಾರದ ಕಚೇರಿಯಲ್ಲಿದ್ದವನಿಗೆ ಕುರ್ಚಿ ಉಳಿಯುವುದು, ಕಾರ್ಖಾನೆಯ ಗೋಡೆಯೊಳಗಿದ್ದವನಿಗೆ ಹಾರ ತುರಾಯಿ.

ಆ ಕಾಲದಲ್ಲಿ ಮನೆಗೆ ಬಂದುಹೋಗುವವರೆಲ್ಲರ ಬಾಯಲ್ಲಿಯೂ ಒಂದೇ ಮಾತು: ‘ಕಣ್ಣು ಹಾಕಿಸಬಾರದೆ?’ ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ಈ ಮಾತು ಸುಲಭವಾಗಿ ಬರುವುದಕ್ಕೆ ಕಾರಣವಿದೆ. ರಾಜಾಜಿನಗರದಲ್ಲಿ ೧೯೮೨ರಲ್ಲಿ ಡಾ. ಭುಜಂಗ ಶೆಟ್ಟಿಯವರು ಸ್ಥಾಪಿಸಿದ ನಾರಾಯಣ ನೇತ್ರಾಲಯ. ಅಲ್ಲಿ ೧೯೯೪ರಲ್ಲಿ ತೆರೆದ ಡಾ. ರಾಜ್‌ಕುಮಾರ್ ನೇತ್ರಬ್ಯಾಂಕು, ೨೦೦೬ನೆಯ ಇಸವಿ ಏಪ್ರಿಲಿನಲ್ಲಿ ರಾಜ್‌ಕುಮಾರರು ತೀರಿಕೊಂಡಾಗ ಅವರ ಕಣ್ಣುಗಳ ದಾನ, ೨೦೨೧ರ ಅಕ್ಟೋಬರಿನಲ್ಲಿ ಅವರ ಕಿರಿಯ ಮಗ ಪುನೀತ್ ಅಕಾಲದಲ್ಲಿ ಹೋದಾಗ, ಎರಡು ಕಣ್ಣುಗಳ ಪಾರದರ್ಶಕ ಪಟಲಗಳನ್ನು ಪದರಪದರವಾಗಿ ಬಿಡಿಸಿ ನಾಲ್ವರಿಗೆ ನೋಟ ಕೊಟ್ಟದ್ದು, ಇವೆಲ್ಲ ನಮ್ಮ ಬೀದಿಯ ಹಣ್ಣಿನ ಗಾಡಿಯವನಿಗೂ ತಿಳಿದ ಸಂಗತಿಗಳು. ಆದರೆ ದಾನದಿಂದ ಬದಲಾಯಿಸಬಹುದಾದುದು ಕಣ್ಣಿನ ಮುಂದಿನ ಗಾಜು ಮಾತ್ರ. ಹಿಂದಿನ ಪರದೆಯನ್ನೂ ಅಲ್ಲಿಂದ ಮಿದುಳಿಗೆ ಹೋಗುವ ನರವನ್ನೂ ಹೊಲಿದು ಕೂಡಿಸುವ ವಿದ್ಯೆ ಇನ್ನೂ ಬಂದಿಲ್ಲ. ಈ ಜಾತಿಯ ರೋಗಗಳಲ್ಲಿ ಒಂದೇ ಒಂದು ಜೀನಿನ ದೋಷಕ್ಕೆ ಅಮೆರಿಕೆಯಲ್ಲಿ ೨೦೧೭ರಲ್ಲಿ ಒಂದು ಚಿಕಿತ್ಸೆಗೆ ಒಪ್ಪಿಗೆ ದೊರೆತಿದೆ, ನನ್ನದು ಅದಲ್ಲ. ಇದನ್ನು ಬಂದವರಿಗೆಲ್ಲ ವಿವರಿಸಿ ಸಾಕಾಗಿ, ಕಡೆಕಡೆಗೆ ‘ನೋಡೋಣ’ ಎನ್ನತೊಡಗಿದೆನು. ಅರೆಗಣ್ಣಿನವನ ಬಾಯಲ್ಲಿ ಆ ಮಾತು ಹಾಸ್ಯವೆಂದು ಯಾರಿಗೂ ಹೊಳೆಯಲಿಲ್ಲ.

ಎರಡು ವರ್ಷ ಮನೆಯಲ್ಲಿ ಕುಳಿತೆನು. ಆ ಎರಡು ವರ್ಷಗಳ ಬಗ್ಗೆ ಹೆಚ್ಚು ಬರೆಯಲಾರೆ. ಊರಿಗೆ ಊರೇ ರೋಗಕ್ಕೆ ಹೆದರಿ ಬಾಗಿಲು ಹಾಕಿಕೊಂಡ ೨೦೨೦ನೆಯ ವರ್ಷವು ಅದರಲ್ಲಿ ಸೇರಿದ್ದುದು ನನಗೆ ಒಂದು ಸಮಾಧಾನವಾಗಿತ್ತೆಂದರೆ ಓದುಗರು ಕ್ಷಮಿಸಬೇಕು. ಎಲ್ಲರೂ ಮನೆಯಲ್ಲಿದ್ದಾಗ ನಾನೊಬ್ಬನೇ ಮನೆಯಲ್ಲಿರಲಿಲ್ಲ. ಹೆಂಡತಿಯು ಮನೆಯಲ್ಲಿ ಹೊಲಿಗೆಯನ್ನು ಹಿಡಿದಳು. ಮಗಳು ಓದು ಮುಗಿಸಿ ಒಂದು ಕಚೇರಿಗೆ ಸೇರಿದಳು. ಅವಳ ಮೊದಲ ಸಂಬಳ ಬಂದ ದಿನ ನನಗೊಂದು ಅಂಗಿ ತಂದಳು. ಆ ಅಂಗಿಯನ್ನು ತೊಟ್ಟು ಹೋಗುವುದಕ್ಕೆ ನನಗೆ ಯಾವ ಜಾಗವೂ ಇರಲಿಲ್ಲ.

ತರಬೇತಿಯ ಸಂಗತಿಯನ್ನು ಕಂಡುಹಿಡಿದವಳೂ ಅವಳೇ. ನಾನು ಬಲ್ಲ ದೊಡ್ಡ ಸಂಸ್ಥೆಗಳೆಲ್ಲ ನಮ್ಮ ಕಡೆಯವಲ್ಲ. ೧೯೬೯ರಲ್ಲಿ ಆರಂಭವಾದ ರಮಣಮಹರ್ಷಿ ಅಂಧರ ಅಕಾಡೆಮಿ ಜಯಪ್ರಕಾಶನಗರದಲ್ಲಿದೆ. ೧೯೯೦ರ ಮಿತ್ರಜ್ಯೋತಿ, ೧೯೯೭ರ ಸಮರ್ಥನಂ ಇವೆರಡೂ ಆಗ್ನೇಯದ ಬಡಾವಣೆಗಳಲ್ಲಿ ಬೆಳೆದವು. ರಾಷ್ಟ್ರೀಯ ಅಂಧರ ಸಂಘದ ಶಾಖೆ ಜೀವನಬಿಮಾನಗರದಲ್ಲಿದೆ. ಕಣ್ಣಿಲ್ಲದವನು ನಡೆಯುವುದನ್ನು ಕಲಿಯುವುದಕ್ಕಾಗಿ ಮೊದಲು ನಗರವನ್ನು ದಾಟಿ ಹೋಗಬೇಕು. ವಿಜಯನಗರದಿಂದ ಪೂರ್ವಕ್ಕೆ ಮೆಟ್ರೋ ರೈಲು ಇಲ್ಲದಿದ್ದರೆ ನಾನು ಈ ಪ್ರಬಂಧವನ್ನು ಬರೆಯುತ್ತಿರಲಿಲ್ಲ. ನಾನು ಸೇರಿದ ಸಂಸ್ಥೆಯ ಹೆಸರು ಇಲ್ಲಿ ಬೇಡ. ಅಲ್ಲಿಯವರಿಗೆ ಪ್ರಶಂಸೆಯೆಂದರೆ ಸಂಕೋಚ.

ನಮ್ಮ ನಾಡಿನಲ್ಲಿ ಈ ವಿದ್ಯೆ ಹೊಸದೇನಲ್ಲ. ಭಾರತದಲ್ಲಿ ಅಂಧರಿಗೆಂದು ಮೊದಲ ಶಾಲೆಯನ್ನು ೧೮೮೭ರಲ್ಲಿ ಅಮೃತಸರದಲ್ಲಿ ಆನಿ ಶಾರ್ಪ್ ಎಂಬಾಕೆ ತೆರೆದರೆ, ಮೈಸೂರಿನಲ್ಲಿ ೧೯೦೧ರಲ್ಲಿಯೇ ಎಂ. ಶ್ರೀನಿವಾಸರಾಯರು ಕಿವುಡರಿಗೂ ಅಂಧರಿಗೂ ಶಾಲೆಯನ್ನು ಕಟ್ಟಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮಾತನ್ನಂತೂ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳು (೧೮೯೨-೧೯೪೪) ಅಂಧ ಬಾಲಕರಿಗೆ ಅನ್ನವನ್ನಿಕ್ಕಿ ಸಂಗೀತವನ್ನು ಕಲಿಸಿದರು. ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು ೨೦೧೦ನೆಯ ಇಸವಿಯವರೆಗೆ ಬದುಕಿ ಆ ಕೆಲಸವನ್ನು ನಡೆಸಿದರು. ಆಶ್ರಮದ ಖರ್ಚಿಗಾಗಿ ನಾಟಕದ ಮಂಡಳಿಯನ್ನೇ ಕಟ್ಟಿದರು. ಪುನರ್ವಸತಿ ಎಂಬ ಶಬ್ದವು ಬರುವುದಕ್ಕೆ ಮುಂಚೆ ನಮ್ಮಲ್ಲಿ ಇದ್ದ ಪುನರ್ವಸತಿ ಅದು: ತಬಲ, ಹಾರ್ಮೋನಿಯಂ, ಕೀರ್ತನೆ. ಸ್ವರವಿಲ್ಲದವನ ಗತಿಯೇನು ಎಂಬ ಪ್ರಶ್ನೆ ಉಳಿಯುವುದು. ಅಂಥವನಿಗೆ ಬೆತ್ತದ ಕೆಲಸವನ್ನೂ ಮೇಣದಬತ್ತಿ ಸೀಮೆಸುಣ್ಣಗಳನ್ನು ಮಾಡುವುದನ್ನೂ ಕಲಿಸಿದರು. ಕಚೇರಿಗಳ ಕುರ್ಚಿಗಳಿಗೆ ಬೆತ್ತ ಹೆಣೆದು ಎಷ್ಟೋ ಅಂಧರು ಸಂಸಾರ ನಡೆಸಿದರು. ಆಮೇಲೆ ಪ್ಲಾಸ್ಟಿಕ್ಕಿನ ಕುರ್ಚಿ ಬಂದಿತು. ಬ್ಯಾಂಕು ಕಚೇರಿಗಳಲ್ಲಿ ಟೆಲಿಫೋನ್ ಹಲಗೆಯ ಮುಂದೆ ಕುಳಿತು ಸಂಪರ್ಕ ಕೊಡುವ ಕೆಲಸ ಒಂದು ತಲೆಮಾರಿಗೆ ಗೌರವದ ಅನ್ನವಾಗಿತ್ತು. ಆಮೇಲೆ ತಾನೇ ಉತ್ತರ ಕೊಡುವ ಟೆಲಿಫೋನು ಬಂದಿತು. ನಾವು ಇಂದು ಕಲಿಯುವ ಕಂಪ್ಯೂಟರಿನ ಕೆಲಸವನ್ನು ಏನು ಬಂದು ಒಯ್ಯುವುದೋ, ಅದರ ಸದ್ದು ಆಗಲೇ ಕೇಳುತ್ತಿದೆ. ಒಂದು ಕಸುಬನ್ನು ಕಲಿಸಿ ಬಿಟ್ಟುಬಿಟ್ಟರೆ ಸಾಲದು, ಕಸುಬು ಹೋದಾಗ ಮತ್ತೆ ಕಲಿಯಲು ಬಾಗಿಲು ತೆರೆದಿರಬೇಕು ಎಂದು ನಾನು ಹೇಳುವುದು ಈ ಕಾರಣದಿಂದ.

ನಮಗೆ ನಡಿಗೆಯನ್ನು ಕಲಿಸಿದವರು ಗದುಗಿನ ಕಡೆಯವರು, ಹುಟ್ಟುಗುರುಡರು, ಬಾಲ್ಯದಲ್ಲಿ ತಬಲವನ್ನು ಕಲಿತು, ಆಮೇಲೆ ಈ ಕೆಲಸಕ್ಕೆ ಬಂದವರು. ನಾನು ಅವರನ್ನು ಗುರುಗಳೇ ಎನ್ನುತ್ತಿದ್ದೆನು, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರಾದರೂ. ಮೊದಲ ದಿನವೇ ನನ್ನ ಕಣ್ಣಿಗೆ ಕರಿಯ ಪಟ್ಟಿಯನ್ನು ಕಟ್ಟಲು ಹೇಳಿದರು. ‘ನನಗೆ ಒಂದಿಷ್ಟು ಕಾಣುತ್ತದೆ’ ಎಂದೆನು. ‘ಅದಕ್ಕ ಕಟ್ರಿ ಅನ್ನೋದು, ಸರ. ಅಷ್ಟ ಉಳದೈತಿ ಅಂತ ಅದನ್ನ ನಂಬಿ ಕುಂತ್ರ, ಕಿವಿ ಏನೂ ಕಲಿಯೂದಿಲ್ಲ, ಕೈನೂ ಕಲಿಯೂದಿಲ್ಲ’ ಎಂದರು. ಸಾಯಂಕಾಲ ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಹೆಂಡತಿಯು, ಗಂಡನಿಗಾಗಿ ಗಾಂಧಾರಿ ಕಣ್ಣು ಕಟ್ಟಿಕೊಂಡಳು, ಇಲ್ಲಿ ಗಂಡಸೇ ಕಟ್ಟಿಕೊಳ್ಳುವ ಕಾಲ ಬಂದಿತು ಎಂದು ನಗಲೆತ್ನಿಸಿ ಒಳಗೆ ಹೋದಳು.

ಬಿಳಿಯ ಕೋಲನ್ನು ಹಿಡಿಯುವುದೊಂದು ಶಾಸ್ತ್ರ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಸೈನಿಕರಿಗಾಗಿ ರಿಚರ್ಡ್ ಹೂವರ್ ಎಂಬವನು ೧೯೪೪ರ ಸುಮಾರಿಗೆ ಅದನ್ನು ರೂಪಿಸಿದನು. ಮುದುಕರ ಊರುಗೋಲಿನಂತೆ ಅದರ ಮೇಲೆ ಭಾರ ಹಾಕತಕ್ಕದ್ದಲ್ಲ. ಎದೆಮಟ್ಟದ ಉದ್ದ, ಹಗುರವಾದ ಹಿಡಿತ, ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ, ಬಲಗಾಲು ಮುಂದಿಟ್ಟಾಗ ಎಡಕ್ಕೆ, ಭುಜದ ಅಗಲಕ್ಕಿಂತ ಒಂದಂಗುಲ ಹೆಚ್ಚು. ಅಂದರೆ ಮುಂದಿನ ಹೆಜ್ಜೆ ಬೀಳತಕ್ಕ ಸ್ಥಳವನ್ನು ಕೋಲು ಮೊದಲೇ ನೋಡಿರುತ್ತದೆ. ಗುರುಗಳು ಅದನ್ನು ತಾಳ ಹಾಕಿ ಕಲಿಸಿದರು. ನಾನು ತಾಳ ತಪ್ಪಿದಾಗಲೆಲ್ಲ, ಮುಖ ನೋಡಲಾರದ ಅವರಿಗೆ ನನಗಿಂತ ಮೊದಲೇ ತಿಳಿಯುತ್ತಿತ್ತು. ಹದಿನೈದು ದಿನಗಳಲ್ಲಿ ಗೋಡೆಯ ಹತ್ತಿರ ಬಂದಾಗ ಹೆಜ್ಜೆಯ ಸದ್ದು ಬದಲಾಗುವುದನ್ನೂ, ತೆರೆದ ಬಾಗಿಲ ಮುಂದೆ ಗಾಳಿಯು ಕೆನ್ನೆಗೆ ತಾಗುವುದನ್ನೂ ಅರಿತೆನು. ನನ್ನ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಹಿಟ್ಟಿನ ಗಿರಣಿಯೂ ಕಾಫಿಪುಡಿಯ ಅಂಗಡಿಯೂ ದಾರಿ ಹೇಳುತ್ತವೆಂಬುದು ಆಗ ತಿಳಿಯಿತು. ಮಾರುತಿ ಮಂದಿರದ ಘಂಟೆಯಂತೂ ದೀಪಸ್ತಂಭ.

ಬ್ರೈಲ್ ಲಿಪಿಯನ್ನು ನನಗೆ ಕಡ್ಡಾಯವಾಗಿ ಕಲಿಸಲಿಲ್ಲ, ನಾನೇ ಕೇಳಿಕೊಂಡೆನು. ಫ್ರಾನ್ಸಿನಲ್ಲಿ ಜೀನುಗಾರನ ಮಗನಾಗಿ ೧೮೦೯ರಲ್ಲಿ ಹುಟ್ಟಿ, ಮೂರನೆಯ ವಯಸ್ಸಿನಲ್ಲಿ ತಂದೆಯ ದಬ್ಬಳ ತಗುಲಿ ಕಣ್ಣು ಕಳೆದುಕೊಂಡ ಲೂಯಿ ಬ್ರೈಲನು, ಅಂಥದೇ ಮೊನೆಯಿಂದ ಚುಚ್ಚಿದ ಆರು ಚುಕ್ಕೆಗಳಿಂದ ಲೋಕದ ಅಂಧರಿಗೆಲ್ಲ ಅಕ್ಷರ ಕೊಟ್ಟನು. ಭಾರತದ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಆದುದು ೧೯೫೧ರಲ್ಲಿ. ನಮ್ಮ ಒತ್ತಕ್ಷರ ಅಲ್ಲಿ ಕೆಳಗೆ ಇಳಿಯುವುದಿಲ್ಲ. ‘ಅಕ್ಕ’ ಎಂದು ಬರೆಯಬೇಕಾದರೆ ಅ, ಅನಂತರ ಸ್ವರವನ್ನು ಕಳೆಯುವ ಒಂದು ಚುಕ್ಕೆ, ಆಮೇಲೆ ಕ, ಮತ್ತೊಂದು ಕ; ಎಲ್ಲವೂ ಒಂದೇ ಸಾಲಿನಲ್ಲಿ. ಕೊಂಬು ಗುಡಿಸುಗಳೂ ವ್ಯಂಜನದ ಪಕ್ಕದಲ್ಲಿ ಇಡೀ ಸ್ವರಗಳಾಗಿಯೇ ನಿಲ್ಲುತ್ತವೆ. ಬರೆಯುವಾಗ ಹಲಗೆಯ ಮೇಲೆ ಬಲದಿಂದ ಎಡಕ್ಕೆ ಚುಚ್ಚಬೇಕು, ಓದುವಾಗ ಹಾಳೆಯನ್ನು ತಿರುವಿ ಎಡದಿಂದ ಬಲಕ್ಕೆ. ಐವತ್ತರ ಬೆರಳು ದಪ್ಪ. ಒಂದು ಪುಟಕ್ಕೆ ನನಗೆ ಇಂದಿಗೂ ಮುಕ್ಕಾಲು ಗಂಟೆ ಹಿಡಿಯುವುದು. ಆದರೂ ಯಂತ್ರದ ಧ್ವನಿಯಿಲ್ಲದೆ ನಾನೇ ಓದಿದೆನೆಂಬ ಸಂತೋಷ ಬೇರೆಯದು.

ಅನ್ನ ಕೊಟ್ಟದ್ದು ಮಾತ್ರ ಆ ಯಂತ್ರದ ಧ್ವನಿಯೇ. ಕಂಪ್ಯೂಟರಿನ ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಗಳು ೧೯೮೯ರಿಂದ ಪ್ರಚಾರಕ್ಕೆ ಬಂದವಾದರೂ, ಅವುಗಳ ಬೆಲೆ ನಮ್ಮಂಥವರ ವಾರ್ಷಿಕ ಸಂಬಳ. ಇಬ್ಬರು ಅಂಧ ತರುಣರು ಆಸ್ಟ್ರೇಲಿಯದಲ್ಲಿ ಕುಳಿತು ೨೦೦೬ರಿಂದ ಎನ್‌ವಿಡಿಎ ಎಂಬುದನ್ನು ತಯಾರಿಸಿ ಲೋಕಕ್ಕೆ ಧರ್ಮಾರ್ಥ ಬಿಟ್ಟರು. ಅವರನ್ನು ನಾನು ದಿನವೂ ನೆನೆಯುತ್ತೇನೆ. ಇದು ನಮ್ಮ ಸಂಜಯ. ಆದರೆ ವ್ಯಾಸರ ಸಂಜಯನಂತೆ ಮುಖ್ಯವಾದುದನ್ನು ಆರಿಸಿ ಹೇಳುವವನಲ್ಲ. ಯುದ್ಧರಂಗದಲ್ಲಿರುವ ಪ್ರತಿಯೊಂದು ಗುಂಡಿ, ಪ್ರತಿಯೊಂದು ಕೊಂಡಿ, ಪ್ರತಿಯೊಂದು ಖಾಲಿ ಮನೆಯನ್ನೂ ಹೇಳಿಯೇ ಹೇಳುವನು. ಗುರುಗಳು ಅದನ್ನು ಎಂಥ ವೇಗದಲ್ಲಿ ಕೇಳುತ್ತಿದ್ದರೆಂದರೆ ನನಗೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಕೇಳುತ್ತಿತ್ತು. ಕನ್ನಡವನ್ನೂ ಅದು ಓದುತ್ತದೆ, ಮೂಗಿನಲ್ಲಿ, ಪರದೇಶದ ಪಾದ್ರಿಯಂತೆ. ಇಲ್ಲಿ ನಮ್ಮ ನುಡಿಯ ಅಭಿಮಾನಿಗಳಿಗೆ ಒಂದು ಬಿನ್ನಹವುಂಟು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಕ್ರಮದಲ್ಲಿ ಬೆರಳಚ್ಚು ಮಾಡಿದ ಕಾಗದವು ಕಣ್ಣಿಗೆ ಅಚ್ಚ ಕನ್ನಡವಾಗಿ ಕಂಡರೂ, ಒಳಗೆ ಇಂಗ್ಲಿಷಿನ ಅಕ್ಷರಗಳ ಕಸ. ನಮ್ಮ ಸಂಜಯನು ಆ ಕಸವನ್ನೇ ಗಂಭೀರವಾಗಿ ಓದುತ್ತಾನೆ. ಯೂನಿಕೋಡಿನಲ್ಲಿದ್ದರೆ ಕನ್ನಡವಾಗಿಯೇ ಓದುವನು. ಇನ್ನು ಕಾಗದದ ಛಾಯಾಚಿತ್ರವನ್ನೇ ತೆಗೆದು ಕಳುಹಿಸಿದ ಆದೇಶಗಳ ಮುಂದೆ ಅವನು ಮೌನಿ. ಅಂಗವಿಕಲರ ಸೌಲಭ್ಯದ ಸುತ್ತೋಲೆಯೊಂದು ನನಗೆ ಹಾಗೆಯೇ ಬಂದಿತ್ತು. ಮಗಳು ಓದಿ ಹೇಳಿದಳು.

ಒಂಬತ್ತು ತಿಂಗಳ ಮೇಲೆ ಬಸವೇಶ್ವರನಗರದಲ್ಲಿ ಔಷಧಗಳ ಸಗಟು ವ್ಯಾಪಾರಿಯೊಬ್ಬರು ನನ್ನನ್ನು ಪರೀಕ್ಷಾರ್ಥವಾಗಿ ತೆಗೆದುಕೊಂಡರು. ಅಂಗಡಿಗಳವರು ಟೆಲಿಫೋನಿನಲ್ಲಿ ಹೇಳುವ ಬೇಡಿಕೆಯನ್ನು ಕೇಳಿ ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವ ಕೆಲಸ. ಸಂಬಳ ಹಿಂದಿನದರ ಮೂರರಲ್ಲೆರಡು ಪಾಲು. ಉಗ್ರಾಣದ ಇಪ್ಪತ್ತು ವರ್ಷದ ಅನುಭವ ಅಲ್ಲಿ ಕೈಹಿಡಿಯಿತು. ಯಾವ ಮಾಲು ಯಾವಾಗ ಮುಗಿಯುವುದೆಂಬ ಎಣಿಕೆಗೆ ಕಣ್ಣು ಬೇಡ. ಆರು ತಿಂಗಳಾದ ಮೇಲೆ ಯಜಮಾನರು ಪರೀಕ್ಷೆಯ ಮಾತನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಕೋಲನ್ನು ನಾನು ನಗರದಲ್ಲೆಲ್ಲ ಬಿಚ್ಚುತ್ತಿದ್ದೆನು, ನನ್ನ ಬೀದಿಯೊಂದನ್ನು ಬಿಟ್ಟು. ಮೆಟ್ರೋ ನಿಲ್ದಾಣದಲ್ಲಿ ಹಳದಿಯ ಗೆರೆಕಲ್ಲುಗಳು ಹಾಸಿವೆ. ಉದ್ದಗೆರೆಯಿದ್ದರೆ ನಡೆ, ಉಬ್ಬು ಚುಕ್ಕೆಯಿದ್ದರೆ ನಿಲ್ಲು. ಜಪಾನಿನ ಸೈಇಚಿ ಮಿಯಾಕೆ ಎಂಬವರು ೧೯೬೫ರಲ್ಲಿ ಕಲ್ಪಿಸಿದ ಉಪಾಯವಿದು. ಆ ಕಲ್ಲುಗಳ ಮೇಲೆ ಕೋಲು ಹಿಡಿದು ರಾಜನಂತೆ ನಡೆದು ಬರುವೆನು. ಮೆಟ್ಟಿಲಿಳಿದು ನಮ್ಮ ತಿರುವು ಬಂದೊಡನೆ ಕೋಲನ್ನು ನಾಲ್ಕಾಗಿ ಮಡಿಸಿ ಚೀಲದೊಳಗಿಟ್ಟು, ಗೋಡೆ ಸವರುತ್ತ ಕಳ್ಳನಂತೆ ಮನೆ ಸೇರುವೆನು. ಹೆಂಡತಿಯ ಮಾತು ಹಾಗಿತ್ತು. ‘ನಮ್ಮ ಬೀದೀಲಿ ಮಾತ್ರ ಅದನ್ನ ಬಿಚ್ಚಬೇಡಿ. ಅವಳದೊಂದು ಆಗಿಹೋಗಲಿ’ ಎಂದಿದ್ದಳು. ಅವಳ ಭಯ ಸುಳ್ಳಲ್ಲ. ಇದು ವಂಶದಲ್ಲಿ ಹರಿಯುವ ರೋಗ. ನನ್ನ ವಿಷಯದಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷದ ಬೀಜ ಬಂದು ಸೇರಿದೆಯೆಂದು ವೈದ್ಯರು ಹೇಳಿದ್ದರು. ಅಕ್ಕನ ಕಣ್ಣು ನಿರ್ಮಲವಾಗಿದೆ. ಆದರೆ ಅವಳು ಬೀಜವನ್ನು ಹೊತ್ತಿರಬಹುದು. ಅವಳಿಂದ ನನ್ನ ಹೆಂಡತಿಗೂ ಬಂದಿರಬಹುದು. ಹಾಗಿದ್ದ ಪಕ್ಷದಲ್ಲಿ ನಮ್ಮ ಮಗಳಿಗೆ ರೋಗ ಬರುವ ಸಂಭವ ಅರ್ಧಕ್ಕರ್ಧ. ‘ಮಗಳನ್ನೂ ಒಮ್ಮೆ ತೋರಿಸಿ’ ಎಂದು ೨೦೧೯ರಲ್ಲಿಯೇ ಹೇಳಿದ್ದರು. ನಾವಿಬ್ಬರೂ ಆ ಮಾತನ್ನು ನುಂಗಿಕೊಂಡು ಕುಳಿತಿದ್ದೆವು. ನನ್ನ ಕೆಲಸ ಹೋದುದಕ್ಕಿಂತ ದೊಡ್ಡ ತಪ್ಪು ಅದು.

ಕಡೆಗೆ ಅವಳೇ ಆಸ್ಪತ್ರೆಗೆ ಹೊರಟಳು. ಕಣ್ಣಿಗೆ ಹನಿ ಹಾಕಿ, ಕತ್ತಲೆಯ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿ, ಬೆಳಕಿನ ಮಿಂಚನ್ನು ಹಾಯಿಸಿ, ಪರದೆಯು ಕೊಡುವ ವಿದ್ಯುತ್ತಿನ ಉತ್ತರವನ್ನು ಅಳೆಯುವ ಪರೀಕ್ಷೆಯದು. ಹೊರಗೆ ನಾವಿಬ್ಬರೂ ಬೆಂಚಿನ ಮೇಲೆ ಕುಳಿತಿದ್ದೆವು. ನನ್ನ ಹೆಂಡತಿಯು ಚಿಕ್ಕವಳಿದ್ದಾಗ ಕರೆಯುತ್ತಿದ್ದಂತೆ ಒಮ್ಮೆ ‘ಮಾಮ’ ಎಂದಳು; ಮುಂದೆ ಏನನ್ನೂ ಹೇಳಲಿಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷಗಳಲ್ಲಿ ಅವಳ ಬಾಯಲ್ಲಿ ಆ ಶಬ್ದ ನಾನು ಕೇಳಿದ್ದು ಮೂರೋ ನಾಲ್ಕೋ ಸಲ. ರೋಗದ ಲಕ್ಷಣವಿಲ್ಲವೆಂದು ವರದಿ ಬಂದಿತು. ನನ್ನಿಂದ ಒಂದು ಬೀಜ ಅವಳಿಗೆ ಹೋಗಿಯೇ ಇರುವುದು. ಆದ್ದರಿಂದ ರಕ್ತಸಂಬಂಧದಲ್ಲಿ ಮದುವೆ ಬೇಡವೆಂದರು.

ಕಳೆದ ತಿಂಗಳು ಕೆಂಗೇರಿಯಿಂದ ಗಂಡಿನ ಕಡೆಯವರು ನೋಡಲು ಬಂದಿದ್ದರು. ಕೋಲು ಬೀರುವಿನೊಳಗೆ ಹೋಗಿತ್ತು. ಉಪಚಾರವೆಲ್ಲ ಮುಗಿದು ಅವರು ಹೊರಡುವ ಹೊತ್ತಿಗೆ ಕತ್ತಲಾಯಿತು. ಬಂದವರನ್ನು ನಿಲ್ದಾಣದವರೆಗೆ ಕಳುಹಿಸಿಬರುವುದು ಮನೆಯ ಯಜಮಾನನ ಧರ್ಮ. ನಾನು ಹೊಸ್ತಿಲ ಬಳಿ ತಡವರಿಸುತ್ತ ನಿಂತಿದ್ದೆನು. ಮಗಳು ಒಳಗೆ ಹೋಗಿ ಕೋಲನ್ನು ತಂದು, ಮಡಿಕೆ ಬಿಡಿಸಿ ನನ್ನ ಕೈಗಿತ್ತು, ಹುಡುಗನ ತಂದೆಯವರ ಕಡೆ ತಿರುಗಿ ‘ನಮ್ಮ ತಂದೆಯವರಿಗೆ ಸಂಜೆಯ ಮೇಲೆ ಕಾಣಿಸುವುದಿಲ್ಲ, ಹಗಲಿನಲ್ಲಿಯೂ ಸ್ವಲ್ಪವೇ. ವಂಶದ ರೋಗ. ನನ್ನ ಪರೀಕ್ಷೆಯಾಗಿದೆ, ಕಾಗದ ಬೇಕಾದರೆ ತೋರಿಸುತ್ತೇನೆ’ ಎಂದಳು. ಅಡುಗೆಮನೆಯಲ್ಲಿ ಒಂದು ಲೋಟ ಬಿದ್ದ ಸದ್ದಾಯಿತು.

ದಾರಿಯಲ್ಲಿ ಆ ಹಿರಿಯರು ಸಹಾಯ ಮಾಡಬೇಕೆಂದು ನನ್ನ ತೋಳನ್ನು ಹಿಡಿದು ಮುಂದಕ್ಕೆ ತಳ್ಳತೊಡಗಿದರು; ಎಲ್ಲರೂ ಮಾಡುವ ತಪ್ಪೇ. ‘ನೀವು ಹಿಡಿಯಬೇಡಿ, ನಿಮ್ಮ ಮೊಣಕೈಯನ್ನು ನಾನು ಹಿಡಿಯುತ್ತೇನೆ. ನೀವು ಅರ್ಧ ಹೆಜ್ಜೆ ಮುಂದೆ ನಡೆದರೆ ಸಾಕು’ ಎಂದೆನು. ಅವರು ಮೊಣಕೈ ನೀಡಿದರು. ನಿಲ್ದಾಣದವರೆಗೆ ಮಳೆಯ ಮಾತು, ಕೆಂಗೇರಿಯಲ್ಲಿ ನಿವೇಶನಗಳ ಬೆಲೆಯ ಮಾತು ಆಯಿತು. ತಿಳಿಸುತ್ತೇವೆ ಎಂದು ಹೇಳಿ ಹೋದರು. ಮೂರು ವಾರವಾಯಿತು; ತಿಳಿಸಿಲ್ಲ.

ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಮನೆಯ ಮೆಟ್ಟಿಲಲ್ಲಿಯೇ ಕೋಲನ್ನು ಬಿಚ್ಚಿದೆನು. ಹೆಂಡತಿಯು ನೋಡುತ್ತಿದ್ದಳು, ಏನೂ ಅನ್ನಲಿಲ್ಲ. ತಿರುವಿನಲ್ಲಿ ಹೂ ಮಾರುವಾಕೆಯು ನನ್ನನ್ನು ಹದಿನೈದು ವರ್ಷದಿಂದ ಬಲ್ಲವಳು. ‘ಏನ್ ಸಾಮಿ, ಕಾಲಿಗೇನಾಯ್ತು?’ ಎಂದಳು. ‘ಕಾಲಿಗಲ್ಲಮ್ಮ, ಕಣ್ಣಿಗೆ’ ಎಂದೆನು. ಒಂದು ಗಳಿಗೆ ಸುಮ್ಮನಿದ್ದು, ‘ಹಂಗಾದ್ರೆ ಎಡಕ್ಕೆ ಬರಬೇಡಿ, ಈಗತಾನೆ ನೀರು ಚೆಲ್ಲಿವ್ನಿ’ ಎಂದಳು. ನಾನು ಬಲಕ್ಕೆ ಸರಿದು ನಡೆದೆನು.